ಅತ್ತೆಯ ಶಾಲೆಯ ಆರನೆಯ ಮಗು

ನಮ್ಮ ಅತ್ತೆ ತಾನೇ ರಜಾ ಚೀಟಿ ಬರೆದು, ತಾನೇ ಅದನ್ನು "ಕಾರಣ ಸರಿಯಿಲ್ಲ" ಎಂದು ತಿರಸ್ಕರಿಸಿದವಳು ಎಂದರೆ ನೀವು ನಂಬಲಿಕ್ಕಿಲ್ಲ! ಚಿಮ್ಮಡ ಊರಿನಾಚೆ ಕಬ್ಬಿನ ನಡುವಿರುವ ತೋಟದ ಶಾಲೆಗೆ ಶಿಕ್ಷಕಿಯೂ ಅವಳೇ, ಮುಖ್ಯ ಗುರುವೂ ಅವಳೇ, ಗಂಟೆ ಬಾರಿಸುವವಳೂ ಅವಳೇ. ಮಕ್ಕಳು ಮೂರು. ಮೂವರೂ ಬೇರೆ ಬೇರೆ ತರಗತಿ, ಹಾಗಾಗಿ ಮೂವರಿಗೂ ಮೊದಲ ನಂಬರು!

"ಕಡೀ ನಂಬರ ಯಾರದ, ಅತ್ತಿ?" ಎಂದು ಕೆಣಕಿದೆ.

"ಅದೂ ಅವರದ! ನಿನಗೇನಾಗಬೇಕಾಗೇತಿ?"

ಈ ವರ್ಷ ಮಾತ್ರ ಮೇಲಿನಿಂದ ಮಾತು ಬಂತು: ಆರು ಮಕ್ಕಳಾದರೆ ಶಾಲೆ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಮುಚ್ಚಿ ದೂರದ ದೊಡ್ಡ ಶಾಲೆಗೆ ಸೇರಿಸುತ್ತಾರೆ. ಅತ್ತೆ ಸೆರಗು ಸಿಕ್ಕಿಸಿ ಹೊಲ ಹೊಲ ತಿರುಗಿದಳು. ಕುರಿ ಕಾಯುವ ಮುದುಕಿಯೊಬ್ಬಳು ಸಿಕ್ಕಳು.

"ಆಯಿ, ಸಣ್ಣವು ಎಷ್ಟ ಅದಾವ ನಿನ್ನ ಕಡೆ?"

"ಮೂರ ಅದಾವ್ರಿ ಅಕ್ಕೋರ. ನಿಂಗಿ, ಬೀರಪ್ಪ, ಕರೆವ್ವ."

ಅತ್ತೆಗೆ ಸ್ವರ್ಗಕ್ಕೆ ಮೂರೇ ಗೇಣು! ಅಲ್ಲೇ ಹೆಸರು ಬರೆದು, ಮೊಬೈಲಿನಲ್ಲಿ ಶಿಕ್ಷಣ ಇಲಾಖೆಯ ಸಾಹೇಬರಿಗೆ ಕಳಿಸಿಯೂ ಬಿಟ್ಟಳು.

ಮರುದಿನವೇ ಸಾಹೇಬರು ಬಂದರು. ಬುತ್ತಿ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ. ಒಬ್ಬೊಬ್ಬರ ಹೆಸರು ಕೂಗುತ್ತ "ಕರೆವ್ವ" ಎಂದರು. ಬಾಗಿಲಲ್ಲಿ "ಬ್ಯಾ..." ಎಂದಿತು! ನಿಂಗಿ ಹಗ್ಗ ಹಿಡಿದು ತಂದಿದ್ದ ಕರಿ ಕುರಿಮರಿ. ನಮ್ಮ ಕಡೆ ಮಕ್ಕಳೂ ಸಣ್ಣವೇ, ಮರಿಗಳೂ ಸಣ್ಣವೇ, ಮುದುಕಿಯದೇನು ತಪ್ಪು?

"ಇದು ಯಾವ ಕ್ಲಾಸಿನ್ಯಾಗ ಐತ್ರಿ, ಅಕ್ಕೋರ?" ಎಂದರು ಸಾಹೇಬರು.

ನಾನು ನಕ್ಕು ನಕ್ಕು ಗೋಡೆ ಹಿಡಿದೆ. ಅತ್ತೆ ನಗಲಿಲ್ಲ. "ತಪ್ಪಾತ್ರಿ" ಎಂದು ತಾನೇ ಆ ಹೆಸರಿನ ಮೇಲೆ ಗೀಟು ಎಳೆದಳು. ಉಳಿದದ್ದು ಐದು.

"ಎರಡ ದಿನ ತಡೀತೇನ್ರಿ. ಅಷ್ಟ ನನ್ನ ಕೈಯಾಗ ಇರೋದು" ಎಂದು ಸಾಹೇಬರು ಹೋದರು. ಅತ್ತೆ ಅಂದು ಬುತ್ತಿ ಬಿಚ್ಚಲಿಲ್ಲ.

ಮರುದಿನ ಮುಂಜಾನೆ ನಾನು ಬುತ್ತಿ ತಂದ ಹೊತ್ತಿಗೆ ಮುದುಕಿಯೇ ಬಂದಳು. ಸೊಂಟದ ಮೇಲೆ ತಲೆತುಂಬ ಎಣ್ಣೆ ಹಚ್ಚಿಸಿಕೊಂಡ ಆರು ವರ್ಷದ ಮೊಮ್ಮಗಳು.

"ಇಕೀನ್ನ ಬರ್ಕೋರಿ. ಕಾಲ ಎಣಿಸ್ರಿ ಬೇಕಾದ್ರ, ಎರಡ ಅದಾವ!"

ನಾನು ನಗುವಷ್ಟರಲ್ಲಿ ಮುದುಕಿಯ ದನಿ ಇಳಿಯಿತು. "ಮೊನ್ನಿ ಇಕೀ ಹೆಸರ ಬಿಟ್ಟ ಬೇಕಂತನ ಮರಿ ಹೆಸರ ಹೇಳಿದ್ನಿರಿ. ತಾಯಿ ಇಲ್ಲದ ಕೂಸು. ಇದನ್ನ ಬಿಟ್ಟ ನನಗ ಹೊತ್ತ ಹೋಗಂಗಿಲ್ರಿ."

ಅತ್ತೆ ಶಾಲೆಯ ಒಂದೇ ಒಂದು ಕುರ್ಚಿ ತಂದು ಅವಳ ಮುಂದಿಟ್ಟಳು. ಕಣ್ಣು ಒರೆಸಿಕೊಳ್ಳುತ್ತಲೇ ಗದರಿದಳು: "ನಿನಗ ಹೋಗಂತ ಯಾರ ಅಂದಾರ, ಆಯಿ? ಇಲ್ಲೇ ಕುಂದರ."

ಮುದುಕಿ ಕುರ್ಚಿ ಮುಟ್ಟಲಿಲ್ಲ. ಮೊಮ್ಮಗಳ ಕೈ ಹಿಡಿದು, ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕೂತಳು.