ಪೇಜರ್ ಕಂಪನಿಯ ಟೋಪಿ

ಸ್ವಲ್ಪ ನಿಲ್ಲಿ, ಪುಟ ತಿರುವಬೇಡಿ, ಟೋಪಿಯ ಸುದ್ದಿ ಇದೆ. ಹಳೆಯ ಕಂಪನಿಗಳ ಗುರುತು ಹೊಲಿದ ಟೋಪಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಫ್ಲಾಪಿ ಮಾರಿದವರದು, ಮೋಡೆಮ್ ಮಾರಿದವರದು, ಎಲ್ಲವೂ ನನ್ನ ಗೋಡೆಯ ಮೊಳೆಗಳ ಮೇಲಿವೆ. ಯಂತ್ರಗಳು ಗುಜರಿಗೆ ಹೋದವು, ಕಂಪನಿಗಳು ಮುಳುಗಿದವು, ಪುಕ್ಕಟೆ ಹಂಚಿದ ಟೋಪಿಗಳು ಉಳಿದವು. ಒಂದು ಮೊಳೆ ಮಾತ್ರ ಖಾಲಿಯಿತ್ತು: ಪೇಜರ್ ಕಂಪನಿಯದು. ಅದನ್ನು ನೋಡಿದಾಗಲೆಲ್ಲ ಊಟ ಸೇರುತ್ತಿರಲಿಲ್ಲ. ಔರಾದ್ ಸುತ್ತಿದೆ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಡವರ ತಲೆಯನ್ನೇ ದಿಟ್ಟಿಸಿ ಬೈಸಿಕೊಂಡೆ. ಕೊನೆಗೆ ತಡೆಯಲಾರದೆ ವಾಟ್ಸಾಪ್ ಗುಂಪುಗಳಿಗೆಲ್ಲ ಬರೆದು ಹಾಕಿದೆ: ‘ಕಂಪನಿ ಟೋಪಿ ಹಾಕಿದ್ದರೆ ತಕ್ಷಣ ಬೀದರಿನ ನಮ್ಮ ಮನೆಗೆ ಬನ್ನಿ.’

ಮರುದಿನ ಬೆಳಿಗ್ಗೆ ಬಾಗಿಲ ತುಂಬ ಜನ. ಸಂತಪುರದವರೊಬ್ಬರ ಕೈಯಲ್ಲಿ ಸುಟ್ಟ ಮಿಕ್ಸರ್, ಬಗದಲ್‌ನವರ ಕೈಯಲ್ಲಿ ಕೆಟ್ಟ ಪಂಪಿನ ವಾರಂಟಿ ಚೀಟಿ. ಒಬ್ಬರ ತಲೆಯ ಮೇಲೂ ಟೋಪಿ ಇಲ್ಲ! ಚಹಾ ಮಾಡಿ ಸಾಕಾದ ಅವ್ವ ಒಳಗಿನಿಂದ ಕೂಗಿದಳು: “ಏ, ನೀ ಯಾವಾಗ ವಕೀಲ ಆದ್ಯೋ? ಇವರಿಗೆಲ್ಲ ಕಂಪನಿ ಟೋಪಿ ಹಾಕ್ಯದಂತ!” ನಾನೇನು ಬರೆದಿದ್ದೆ ಎಂಬುದು ನನಗೆ ತಿಳಿದದ್ದೇ ಆಗ.

ಎಲ್ಲರಿಗೂ ಕೈಮುಗಿದು ಕಳಿಸುವಷ್ಟರಲ್ಲಿ ಗಾಂಧಿ ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿ ವೈಜಿನಾಥ ಕಾಕಾ ಬಂದರು. ಚೀಲದಿಂದ ಮಾಸಿದ ನೀಲಿ ಟೋಪಿ ತೆಗೆದರು. ಪೇಜರ್ ಕಂಪನಿಯದೇ! ನನ್ನ ಕೈ ತಾನಾಗಿ ಮುಂದೆ ಚಾಚಿತು.

“ತಮ್ಮಾ, ಹೈದರಾಬಾದದಾಗ ಪೇಜರ್ ತಗೊಂಡೆ, ಇದನ್ನೂ ಕೊಟ್ರು. ತೊಗರಿ ರೇಟ್ ಕುಂತಲ್ಲೇ ಬರ್ತದ ಅಂದ್ರು. ಇಲ್ಲಿ ತಂದು ಸೊಂಟಕ್ಕ ಕಟ್ಟಿದೆ, ಒಂದಿನಾನೂ ಕುಂಯ್ ಅನ್ನಲಿಲ್ಲ. ‘ಕಾಕಾ, ನಿಮ್ಮ ಡಬ್ಬಿ ಮೂಕ ಅದ ಏನ್ರಿ?’ ಅಂತ ಗಂಜಿನ ಮಂದಿ ನಗ್ತಿದ್ರು.”

ಕಲಿತದ್ದನ್ನು ಹೇಳದೆ ಇರಲಾಗದು ನನಗೆ. ಹೇಳಬೇಕಾದ್ದನ್ನು ಫೋನಿನಲ್ಲಿ ಆಪರೇಟರಿಗೆ ಹೇಳಬೇಕು, ಆಕೆ ಅದನ್ನು ಅಕ್ಷರಗಳಲ್ಲಿ ಪೇಜರಿಗೆ ಕಳಿಸಬೇಕು, ಆದರೆ ಅದರ ಸಿಗ್ನಲ್ ಹೈದರಾಬಾದ್ ದಾಟುತ್ತಿರಲಿಲ್ಲ ಎಂದು ವಿವರಿಸಿದೆ. “ಹೈದರಾಬಾದದಾಗೇ ಇದ್ದಿದ್ರ ಕೂಗ್ತಿತ್ರಿ ಕಾಕಾ.”

“ಹಂಗಂದ್ರ ಟೋಪಿ ಹಾಕಿದ್ದು ಖರೇ ಆತಲ್ಲ! ಕಂಪನಿಗೆ ಅರ್ಜಿ ಬರಿ.”

“ಬರೀತೇನ್ರಿ. ಮೊದಲ ಟೋಪಿ ಕೊಡ್ರಿ.”

“ತಲಿ ಕೆಟ್ಟದೇನು? ಇದು ಸಬೂತ್, ಸಾಕ್ಷಿ! ಯಾರರ ಕೈಬಿಡ್ತಾರ? ಕಂಪನಿ ಜವಾಬು ಬರಲಿ, ಟೋಪಿ ನಿಂದು.”

ಮೊಬೈಲ್ ಬಂದಮೇಲೆ ಆ ಕಂಪನಿ ಮುಚ್ಚಿಹೋಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಟೋಪಿ ಕೈತಪ್ಪಿದಂತೆಯೇ. ಅರ್ಜಿಯನ್ನು ಮೂರು ಸಲ ತಿದ್ದಿ ಬರೆದಿದ್ದೇನೆ, ವಿಳಾಸದ ಜಾಗ ಮಾತ್ರ ಹಾಗೇ ಖಾಲಿ ಇದೆ. ಕಾಕಾ ದಿನಾ ಆ ಟೋಪಿ ಏರಿಸಿಕೊಂಡೇ ಬಂದು “ಜವಾಬು ಬಂತೇನು?” ಎನ್ನುತ್ತಾರೆ. ಇಲ್ಲದ ಕಂಪನಿಯಿಂದ ಉತ್ತರ ತರಿಸಿಕೊಂಡ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ, ಸ್ವಲ್ಪ ಬೇಗ.