ಕಂಡಕ್ಟರು ಹಿಮಾಲಯಕ್ಕೆ ಹೊರಟದ್ದು

ಬಸ್ಸಿನ ಕಂಡಕ್ಟರಾದವನಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಬುಟ್ಟಿಯಲ್ಲಿರುವ ಕೋಳಿಗೆ ಟಿಕೆಟ್ ಉಂಟೋ ಇಲ್ಲವೋ ಎಂಬ ಚರ್ಚೆ, ಮೀಸೆ ಬಂದ ಮಗನನ್ನು ಇನ್ನೂ ಮಡಿಲಲ್ಲಿ ಕೂರಿಸಿಕೊಂಡು ಅರ್ಧ ಟಿಕೆಟ್ ಕೇಳುವ ತಾಯಿ, ಹೀಗೆ ಇಪ್ಪತ್ತಾರು ವರ್ಷ ಕಳೆದೆ. ಅವೆಲ್ಲ ಬಸ್ಸಿನೊಳಗೇ ಹುಟ್ಟಿ ಬಸ್ಸಿನೊಳಗೇ ಮುಗಿಯುತ್ತಿದ್ದವು. ಹೋದ ವರ್ಷ ನಾನು ಬಸ್ಸಿಳಿದು ನಡೆಯಲು ಶುರುಮಾಡಿದೆ. ಪ್ರಸಂಗಗಳೂ ನನ್ನ ಹಿಂದೆಯೇ ಇಳಿದು ನಡೆದುಕೊಂಡು ಬಂದವು.

ಅಡುಗೆಮನೆಯ ಬೆಟ್ಟ

ನಮ್ಮೂರು ದೇವರಾಯಸಮುದ್ರ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಂದು ಹಳೇ ಕ್ಯಾಲೆಂಡರ್ ಇದೆ. ಅದರ ತಾರೀಖುಗಳು ಯಾವ ಕಾಲಕ್ಕೋ ಮುಗಿದಿವೆ. ಆದರೂ ನನ್ನ ಹೆಂಡತಿ ಅದನ್ನು ಇಳಿಸಿಲ್ಲ, ಯಾಕೆಂದರೆ ಅದರಲ್ಲಿ ಒಂದು ಹಿಮದ ಬೆಟ್ಟವಿದೆ. ಮುದ್ದೆ ಕಟ್ಟುವಾಗ ಅವಳ ಕೈ ಪಾತ್ರೆಯಲ್ಲಿದ್ದರೆ ಕಣ್ಣು ಆ ಬೆಟ್ಟದ ಮೇಲಿರುತ್ತದೆ.

ಮದುವೆಯಾದ ಹೊಸದರಲ್ಲಿ ನನ್ನ ಬಸ್ಸಿನಲ್ಲೇ ಅವಳನ್ನು ಕೋಲಾರಕ್ಕೆ, ಮಾಲೂರಿಗೆ, ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋಗಿದ್ದೆ. ಪ್ರತಿ ಸಲವೂ ಕೊನೇ ಸ್ಟಾಪಿನಲ್ಲಿ ಇಳಿದು, "ಇಲ್ಲಿಂದ ಮುಂದಕ್ಕೆ ಯಾವ ಬಸ್ಸು?" ಎಂದು ಕೇಳುತ್ತಿದ್ದಳು. "ಮುಂದಕ್ಕಿಲ್ಲ ಕಣೇ, ಇದೇ ಲಾಸ್ಟು" ಎಂದು ಹೇಳಿ ಅದೇ ಬಸ್ಸಿನಲ್ಲಿ ವಾಪಸ್ಸು ತಂದುಬಿಡುತ್ತಿದ್ದೆ. ನಗುತ್ತಿದ್ದಳು. ಆದರೆ ಮುಂದಿನ ಸಲ ಅದೇ ಪ್ರಶ್ನೆಯನ್ನು ಕೇಳುವುದನ್ನು ಬಿಡುತ್ತಿರಲಿಲ್ಲ.

ದಿನಾ ಕೋಲಾರಕ್ಕೆ ಹೋಗಿಬಂದು ಡಿಗ್ರಿ ಓದುವ ಮಗಳು ಒಂದು ಭಾನುವಾರ ಘೋಷಿಸಿದಳು: "ಬೇಸಿಗೆ ರಜಕ್ಕೆ ನಾವು ಮೂರೂ ಜನ ಹಿಮಾಲಯಕ್ಕೆ ಟ್ರೆಕ್ಕಿಂಗ್. ಹದಿಮೂರು ಸಾವಿರ ಅಡಿ. ಆರು ದಿನ ನಡಿಗೆ." ಟ್ರೆಕ್ಕಿಂಗ್ ಕಂಪನಿಯವರ ಷರತ್ತು ಎರಡು. ಐದು ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ನಡೆದು ಮೊಬೈಲಿನಲ್ಲಿ ದಾಖಲೆ ತೋರಿಸಬೇಕು. ಬಿ.ಪಿ. ಸರಿಯಿದೆ ಎಂದು ಡಾಕ್ಟರು ಬರೆದುಕೊಡಬೇಕು.

ಹೆಂಡತಿ ಸೌಟು ಕೆಳಗಿಟ್ಟಳು. "ಹೋಗೋಣ" ಅಂದಳು. ನನ್ನ ಕಡೆ ತಿರುಗಿ, "ಆದ್ರೆ ಮೂರೂ ಜನ ಹೋದ್ರೆ ಮಾತ್ರ. ನಿಮ್ಮನ್ನ ಬಿಟ್ಟು ನಾನು ಒಂದು ಹೆಜ್ಜೆನೂ ಇಡಲ್ಲ" ಅಂದಳು.

ಅಲ್ಲಿಗೆ ಅವಳ ಬೆಟ್ಟ ಬಂದು ನನ್ನ ಕಾಲಿನ ಮೇಲೆ ಕೂತಿತು. ನನಗೆ ನಿಂತು ಅಭ್ಯಾಸವಿತ್ತೇ ಹೊರತು ನಡೆದು ಗೊತ್ತಿರಲಿಲ್ಲ.

"ಅಲ್ಲಿಗೆ ಬಸ್ ಹೋಗಲ್ವಾ?" ಎಂದು ಮಗಳನ್ನು ಕೇಳಿದೆ.

"ಬಸ್ ಹೋಗೋ ಕಡೆಗೆ ನಿನ್ನನ್ನ ಕರ್ಕೊಂಡು ಹೋಗೋಕೆ ನಾವ್ಯಾಕಪ್ಪಾ ಬೇಕು?" ಅಂದಳು.

ಹನ್ನೊಂದು ನಿಮಿಷ

ಮರುದಿನ ಬೆಳಿಗ್ಗೆ ಮಗಳು ನನ್ನ ಮೊಬೈಲಿಗೆ ನಡಿಗೆ ಅಳೆಯುವ ಆ್ಯಪ್ ಹಾಕಿ, ಕೆರೆ ಏರಿಯ ಮೇಲೆ ಬಿಟ್ಟಳು. ಹೆಂಡತಿ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಹೊಸ ಶೂ ಹಾಕಿಕೊಂಡು ಮುಂದೆ ಹೋಗಿಯೇಬಿಟ್ಟಳು.

ನನ್ನ ಕಷ್ಟ ಬೇರೆ. ಸುತ್ತಲ ಹತ್ತೂರಿನವರಿಗೆ ನನ್ನ ಮುಖ ಗೊತ್ತು. ಕಂಡಕ್ಟರು ರಸ್ತೆಯಲ್ಲಿ ನಡೆಯುತ್ತಿದ್ದಾನೆ ಅಂದರೆ ಏನೋ ಅನಾಹುತ ಆಗಿದೆ ಎಂದೇ ಅರ್ಥ. ಮೊದಲನೇ ಬೈಕು ನಿಂತಿತು. "ಬಸ್ ಕೆಟ್ಟೋಯ್ತಾ ಅಣ್ಣಾ? ಹತ್ತಿ." ಬೇಡವೆಂದೆ. ಎರಡನೆಯವನು ಟ್ರ್ಯಾಕ್ಟರ್ ನಿಲ್ಲಿಸಿದ. ಬೇಡವೆಂದೆ. ಮೂರನೆಯವರು ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡು ಮೊಪೆಡ್ಡಿನಲ್ಲಿ ಬಂದ ಯಜಮಾನರು.

"ಎಕ್ಕಡಿಕಿ ಕಂಡಕ್ಟರ್ ಸಾರು?" ಎಂದು ತೆಲುಗಿನಲ್ಲಿ ವಿಚಾರಿಸಿದರು.

"ಎಲ್ಲಿಗೂ ಇಲ್ಲ ತಾತಾ, ಸುಮ್ನೆ ನಡೀತಿದ್ದೀನಿ."

"ಎಲ್ಲಿಗೂ ಇಲ್ಲ ಅಂದ್ಮೇಲೆ ಯಾಕ್ ನಡೀತೀಯಾ? ಇಪ್ಪತ್ತು ವರ್ಷ ನಿನ್ ಬಸ್ ಹತ್ತಿದ್ದೀನಿ. ನನ್ ಗಾಡಿ ನಿಂಗೆ ಬೇಡ್ವಾ?" ಎಂದು ಮುಖ ಗಂಟಿಕ್ಕಿದರು.

ಕ್ಯಾನುಗಳ ನಡುವೆ ಜಾಗ ಮಾಡಿಕೊಂಡು ಹತ್ತಿದೆ. ಡೈರಿ ತಲುಪಿದಾಗ ಜೇಬಿನಲ್ಲಿದ್ದ ಮೊಬೈಲು ಟಿಂಗ್ ಅಂದಿತು: ಐದು ಕಿಲೋಮೀಟರ್, ಹನ್ನೊಂದು ನಿಮಿಷ, ಅಭಿನಂದನೆಗಳು!

ಹೆಂಡತಿ ಅದೇ ದೂರವನ್ನು ಮೂವತ್ತೆಂಟು ನಿಮಿಷದಲ್ಲಿ ಮುಗಿಸಿ ಬಂದಳು. ಬರುವಾಗ ತಲೆ ಮೇಲೆ ಹಸುಗಳಿಗೆ ಒಂದು ಹೊರೆ ಹುಲ್ಲೂ ಇತ್ತು. ಉಸಿರು ಕೂಡ ಏರಿರಲಿಲ್ಲ. ಇಷ್ಟು ವರ್ಷ ಈ ಹೆಂಗಸಿನ ಜೊತೆ ಬಾಳಿ ನಾನು ಏನು ನೋಡಿದೆ ಎಂದು ಬೆರಗಾದೆ.

ಮಗಳು ನನ್ನ ಮೊಬೈಲು ನೋಡಿ, "ಅಪ್ಪಾ, ಇದನ್ನ ಕಳಿಸಿದ್ರೆ ನಿನ್ನನ್ನ ಹಿಮಾಲಯಕ್ಕಲ್ಲ, ಒಲಿಂಪಿಕ್ಸ್‌ಗೆ ಕರೀತಾರೆ" ಅಂದಳು.

ಹಳೇ ಪ್ರಯಾಣಿಕ

ಬಿ.ಪಿ. ತೋರಿಸಲು ಮುಳಬಾಗಿಲಿಗೆ ಹೋದೆ. ಡಾಕ್ಟರು ಸಣ್ಣ ವಯಸ್ಸಿನವರು. ಪಟ್ಟಿ ಸುತ್ತುತ್ತಾ ನನ್ನ ಮುಖವನ್ನೇ ನೋಡಿದರು.

"ನೀವು ಕೋಲಾರದ ಬಸ್ಸಿನ ಕಂಡಕ್ಟ್ರಲ್ವಾ?"

"ಹೌದು ಸಾರ್."

"ನಾನು ಕಾಲೇಜಿಗೆ ಅದೇ ಬಸ್ಸಲ್ಲಿ ಬರ್ತಿದ್ದೆ. ಒಂದಿನ ಪಾಸ್ ಅವಧಿ ಮುಗಿದಿದೆ ಅಂತ ದೇವರಾಯಸಮುದ್ರದ ಗೇಟಲ್ಲಿ ನನ್ನನ್ನ ಇಳಿಸಿದ್ರಿ. ಬರೀ ಒಂದು ದಿನ ಮುಗಿದಿತ್ತು. ಅಲ್ಲಿಂದ ಮುಳಬಾಗಿಲಿಗೆ ನಡ್ಕೊಂಡು ಬಂದೆ."

ಮೆಷಿನ್ನು ಗುರ್ ಅಂದಿತು. ನೂರಾ ಎಪ್ಪತ್ತು. ಇನ್ನೊಮ್ಮೆ ಒತ್ತಿದರು. ನೂರಾ ಎಂಬತ್ತು. ನನ್ನ ಕಣ್ಣ ಮುಂದೆ ಕ್ಯಾಲೆಂಡರಿನ ಬೆಟ್ಟ ಬಂತು. "ಸಾರ್, ನನ್ನ ಹೆಂಡತಿ..." ಎಂದು ತೊದಲುತ್ತಾ ಎಲ್ಲವನ್ನೂ ಹೇಳಿಕೊಂಡೆ.

ಅವರು ಗಮನವಿಟ್ಟು ಕೇಳಿದರು. ಮಾತ್ರೆ ಬರೆದರು. ಉಪ್ಪಿನಕಾಯಿ, ಹಪ್ಪಳ ಎರಡಕ್ಕೂ ಅಡ್ಡಗೆರೆ ಎಳೆದರು. ಆಮೇಲೆ ಮೆಲ್ಲಗೆ ನಕ್ಕು ಹೇಳಿದರು: "ತಿಂಗಳು ಬಿಟ್ಟು ಬನ್ನಿ. ಅಲ್ಲೀವರೆಗೂ ದಿನಾ ಬೆಳಿಗ್ಗೆ ದೇವರಾಯಸಮುದ್ರದ ಗೇಟಿಂದ ಮುಳಬಾಗಿಲು ಕಡೆಗೆ ನಡೀರಿ. ದಾರಿ ಚೆನ್ನಾಗಿದೆ, ನಂಗೊತ್ತು."

ಟೇಕಲ್ ಬೆಟ್ಟದಲ್ಲಿ

ನಡೆದೆ. ಯಾರ ಗಾಡಿಯನ್ನೂ ಹತ್ತಲಿಲ್ಲ. ಹತ್ತಬಾರದೆಂದು ಮಗಳು ನನ್ನ ಬೆನ್ನಿಗೆ 'ಡಾಕ್ಟರ ಆಜ್ಞೆ, ಲಿಫ್ಟ್ ಕೊಡಬೇಡಿ' ಎಂದು ರಟ್ಟು ಕಟ್ಟಿದ್ದಳು. ನಾಲ್ಕನೇ ವಾರಕ್ಕೆ ಐದು ಕಿಲೋಮೀಟರು ಮೂವತ್ತೊಂಬತ್ತು ನಿಮಿಷಕ್ಕೆ ಬಂತು. ಈಗ ಏರುವುದನ್ನು ಕಲಿಯಬೇಕೆಂದು ಮಗಳು ಇಬ್ಬರನ್ನೂ ಟೇಕಲ್ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಬೆನ್ನಿಗೆ ಒಂಬತ್ತೊಂಬತ್ತು ಕೆಜಿ ರಾಗಿಹಿಟ್ಟಿನ ಚೀಲ.

ನಮ್ಮ ಸೀಮೆಯ ಬೆಟ್ಟಗಳು ಗೊತ್ತಲ್ಲ. ಮನೆಯಷ್ಟು ದೊಡ್ಡ ಬಂಡೆಯ ಮೇಲೆ ಇನ್ನೊಂದು ಮನೆಯಷ್ಟು ದೊಡ್ಡ ಬಂಡೆ. ಯಾರಿಟ್ಟರೋ, ಯಾಕಿನ್ನೂ ಬಿದ್ದಿಲ್ಲವೋ ದೇವರಿಗೇ ಗೊತ್ತು. ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದ ಬಂಡೆಗಳು. ಹತ್ತಿರ ಹೋಗಿ ಕೈಯಿಟ್ಟಾಗ ಮೈ ಜುಮ್ಮೆಂದಿತು.

ಅರ್ಧ ದಾರಿಯಲ್ಲಿ ಒಂದು ಜಾರು ಬಂಡೆ ಬಂತು. ಮಗಳು ಹತ್ತಿದಳು. ನಾನು ನಡುವಿಗೆ ಬಂದು ಕೆಳಗೆ ನೋಡಿದೆ. ಟೇಕಲ್ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಜರಿಹುಳುವಿನಷ್ಟು ಕಂಡಿತು. ಕಾಲುಗಳು ಅಲ್ಲೇ ಅಂಟಿಕೊಂಡವು. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಬಂಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, "ಲೇ, ನಾನು ಇಲ್ಲೇ ಇರ್ತೀನಿ ಕಣೇ. ನೀವು ಹೋಗಿ ಬನ್ನಿ" ಅಂದೆ.

ಹಿಂದೆ ಹೆಂಡತಿ ಕಾಯುತ್ತಿದ್ದಳು. ನಾನು ಇಪ್ಪತ್ತಾರು ವರ್ಷ ಯಾವ ದನಿಯಲ್ಲಿ ಜನರನ್ನು ತಳ್ಳಿದ್ದೆನೋ ಅದೇ ದನಿಯಲ್ಲಿ ಕೂಗಿದಳು: "ಯಾಕ್ರೀ ಬಾಗಿಲಲ್ಲೇ ನಿಂತಿದ್ದೀರಾ? ನಡೀರಿ, ನಡೀರಿ, ಮುಂದೆ ಜಾಗ ಖಾಲಿ ಇದೆ!"

ಫ್ಲೆಕ್ಸು

ಗುಟ್ಟಾಗಿ ಅಭ್ಯಾಸ ಮಾಡೋಣವೆಂದರೆ ನಮ್ಮೂರಿನ ಹುಡುಗರ ಸಂಘ ಬಿಡಬೇಕಲ್ಲ. ಡಾಕ್ಟರ ಚೀಟಿ ಇನ್ನೂ ಸಿಕ್ಕಿರಲಿಲ್ಲ, ಬಸ್ ಸ್ಟಾಪಿನಲ್ಲಿ ಹನ್ನೆರಡಡಿ ಫ್ಲೆಕ್ಸ್ ಎದ್ದಿತು: 'ಹಿಮಾಲಯ ಜಯಿಸಿದ ನಮ್ಮೂರ ವೀರ ಕುಟುಂಬಕ್ಕೆ ಹಾರ್ದಿಕ ಸ್ವಾಗತ.' ಹೋಗುವಾಗ ಒಂದು, ಬಂದಾಗ ಒಂದು ಯಾಕೆ ಎಂದು ಸ್ವಾಗತದ್ದನ್ನೇ ಮೊದಲು ಮಾಡಿಸಿದ್ದರು. ಯಾರದೋ ದಪ್ಪ ಜಾಕೆಟ್ಟಿನ ಮೈಗೆ ನನ್ನ ತಲೆ. ಪಕ್ಕದ ಮೈಗೆ ಹೆಂಡತಿಯ ಮದುವೆ ಫೋಟೋದ ತಲೆ, ಬಾಸಿಂಗ ಸಮೇತ.

ನನ್ನ ಬಸ್ಸು ದಿನಕ್ಕೆ ನಾಲ್ಕು ಸಲ ಅದರ ಮುಂದೆಯೇ ನಿಲ್ಲುತ್ತಿತ್ತು. ಈಗ ಹಿಂದೆ ಸರಿಯುವ ದಾರಿಯೂ ಮುಚ್ಚಿತು. ಮುಂದಿನ ಸೀಟಿನ ಅಜ್ಜಿ ಫ್ಲೆಕ್ಸನ್ನೂ ನನ್ನನ್ನೂ ನಾಲ್ಕು ಸಲ ನೋಡಿ ಕೇಳಿತು: "ಯಾವಾಗ ಬಂದೆ ಅಪ್ಪಯ್ಯಾ?"

"ಇನ್ನೂ ಹೋಗೇ ಇಲ್ಲ ಅಜ್ಜೀ."

"ಹಂಗಾದ್ರೆ ಅಲ್ಲಿ ಐಸ್ ಮೇಲೆ ನಿಂತಿರೋನು ಯಾರು? ಹೋಗಿ ಮಾತಾಡ್ಸು, ನಿನ್ ಥರಾನೇ ಅವ್ನೆ."

ತುಂಬಿದ ಬಸ್ಸಿನಲ್ಲಿ ಬಿ.ಪಿ.

ಚೀಟಿ ಕಳಿಸಲು ಎರಡೇ ದಿನ ಉಳಿದಿತ್ತು. ಮನೆಯಲ್ಲಿ ಮಗಳು ಅಳೆದರೆ ಬಿ.ಪಿ. ಸರಿಯಾಗಿಯೇ ಬರುತ್ತಿತ್ತು. ಆದರೆ ಕ್ಲಿನಿಕ್ಕಿನ ಬಾಗಿಲು ದಾಟಿದರೆ ಸಾಕು, ನೂರಾ ಅರವತ್ತು. "ನನ್ನ ಕಣ್ಣ ಮುಂದೆ ಸರಿ ಬರದೆ ಸೈನ್ ಹಾಕಲ್ಲ" ಎಂದು ಡಾಕ್ಟರು ಹಟ ಹಿಡಿದಿದ್ದರು. ಹೆಂಡತಿ ತನ್ನ ಶೂಗಳನ್ನು ತೊಳೆದು, ಒರೆಸಿ, ಮತ್ತೆ ಡಬ್ಬದೊಳಗೆ ಇಟ್ಟಳು.

ಮರುದಿನ ಬೆಳಿಗ್ಗೆ ಮುಳಬಾಗಿಲಿನಲ್ಲಿ ಡಾಕ್ಟರೇ ನನ್ನ ಬಸ್ಸು ಹತ್ತಿದರು. ಅವರ ಕಾರು ರಿಪೇರಿಗೆ ಹೋಗಿತ್ತಂತೆ. ಸ್ವಲ್ಪ ದೂರದಲ್ಲಿ ಟೊಮ್ಯಾಟೊ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತು, ನಮ್ಮ ಬಸ್ಸೂ ನಿಂತಿತು. ನಾನು ಎಂದಿನಂತೆ ಕಂಬಕ್ಕೆ ಒರಗಿ ನಿಂತು ಯಾರಿಗೋ ತಮಾಷೆ ಮಾಡುತ್ತಿದ್ದೆ. ನೋಡಿದರೆ ಡಾಕ್ಟರು ಬ್ಯಾಗಿನಿಂದ ಮೆಷಿನ್ ತೆಗೆದು ಎದ್ದು ಬರುತ್ತಿದ್ದಾರೆ.

"ಅಲ್ಲಾಡ್ಬೇಡಿ. ತೋಳು ಈ ಸೀಟಿನ ಮೇಲಿಡಿ."

ಡ್ರೈವರಣ್ಣ ಇಂಜಿನ್ ಆರಿಸಿದ. ಫ್ಲೆಕ್ಸ್ ನೋಡಿದ್ದ ಅಜ್ಜಿ ಕೈಮುಗಿದು ಕಣ್ಣು ಮುಚ್ಚಿತು. ಅಳುತ್ತಿದ್ದ ಕೂಸಿನ ಬಾಯಿಗೆ ಯಾರೋ ಬಿಸ್ಕತ್ತು ಇಟ್ಟರು. ಹಿಂದಿನ ಸೀಟಿನಿಂದ ಒಬ್ಬ, "ಉಸಿರು ಬಿಡಣ್ಣಾ, ಮರ್ತಿದ್ದೀಯಾ!" ಅಂದ. ಅರವತ್ತು ಜನ ನನ್ನ ತೋಳನ್ನೇ ನೋಡುತ್ತಿದ್ದರು. ಟಿಕೆಟ್ ಕೊಟ್ಟ ಪರಿಚಯ ಬಿಟ್ಟರೆ ನಾನು ಇವರಿಗೆಲ್ಲ ಏನೂ ಅಲ್ಲ. ಆದರೂ ನನ್ನ ಹೆಂಡತಿಯ ಬೆಟ್ಟಕ್ಕಾಗಿ ಇಡೀ ಬಸ್ಸು ಉಸಿರು ಹಿಡಿದಿತ್ತು.

"ನೂರಾ ಇಪ್ಪತ್ತೆಂಟು, ಎಂಬತ್ತೆರಡು!" ಎಂದು ಡಾಕ್ಟರು ಕೂಗಿದರು. ಬಸ್ಸು ಚಪ್ಪಾಳೆ ಹೊಡೆಯಿತು. ಅವರು ಚೀಟಿಯನ್ನು ನನ್ನ ಬೆನ್ನ ಮೇಲೇ ಇಟ್ಟು ಬರೆದರು. "ಬಿ.ಪಿ. ಇಳಿದಿದೆ. ನಿಮಗಿದ್ದಿದ್ದು ನನ್ನ ಕ್ಲಿನಿಕ್ಕಿನ ಭಯ ಅಷ್ಟೇ" ಅಂದರು.

ನಾನು ಕಣ್ಣೊರೆಸಿಕೊಂಡು ಕೈಮುಗಿದೆ. ಅವರು ಜೇಬಿನಿಂದ ಟಿಕೆಟ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. "ಈ ಸಲ ಸರಿಯಾಗಿ ನೋಡ್ಕೊಳ್ಳಿ ಕಂಡಕ್ಟ್ರೇ. ಕೋಲಾರದವರೆಗೂ ಇದೆ."

ಒಂದು ವಿಸಲ್

ಕೊಂಡೊಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ಇಪ್ಪತ್ತೆಂಟು ವಸ್ತುಗಳಿದ್ದವು. ಅದರಲ್ಲಿ ನಮ್ಮ ಮನೆಯಲ್ಲಿ ಮೊದಲೇ ಇದ್ದದ್ದು ವಿಸಲ್ ಒಂದೇ. "ಅಪಾಯ ಆದ್ರೆ ಮಾತ್ರ ಊದ್ಬೇಕು ಅಪ್ಪಾ" ಎಂದು ಮಗಳು ಮೂರು ಸಲ ಹೇಳಿದ್ದಳು. ಕಂಡಕ್ಟರನ ವಿಸಲ್‌ಗೆ ಇರುವುದು ಎರಡೇ ಮಾತು. ಎರಡು ಸಲ ಊದಿದರೆ ಹೊರಡು. ಒಂದು ಸಲ ಊದಿದರೆ ನಿಲ್ಲಿಸು.

ರೈಲು, ಬಸ್ಸು, ಜೀಪು ಎಲ್ಲ ಮುಗಿದು ಬೆಟ್ಟದ ಬುಡದ ಹಳ್ಳಿ ತಲುಪಿದಾಗ ಮೋಡ ಕವಿದು ಏನೂ ಕಾಣುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ತಂಡದ ಇಪ್ಪತ್ತು ಜನ, ಸಾಮಾನು ಹೊತ್ತ ಆರು ಹೇಸರಗತ್ತೆ, ಮುಂದೆ ಗೈಡು, ಸಾಲಾಗಿ ಹೊರಟೆವು. ಎರಡು ತಿರುವು ದಾಟಿರಬೇಕು. ಒಮ್ಮೆಲೇ ಮೋಡ ಸರಿಯಿತು.

ಬೆಟ್ಟವನ್ನು ನಾನು ಎದುರಿಗೆ ಹುಡುಕುತ್ತಿದ್ದೆ. ಅದು ಎದುರಿಗಿರಲಿಲ್ಲ, ಆಕಾಶದಲ್ಲಿತ್ತು. ಕುತ್ತಿಗೆ ಎಷ್ಟು ಎತ್ತಿದರೂ ಇನ್ನೂ ಮೇಲಕ್ಕಿತ್ತು. ಬೆಳ್ಳಗೆ, ಮೌನವಾಗಿ, ನಮ್ಮ ಟೇಕಲ್ ಬೆಟ್ಟದಂಥ ನೂರನ್ನು ಒಂದರ ಮೇಲೊಂದು ಇಟ್ಟರೂ ಮುಟ್ಟಲಾಗದಂತೆ ನಿಂತಿತ್ತು. ಹೆಂಡತಿ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ. ಮಾತು ಹೊರಡದಿದ್ದರೆ ಕಂಡಕ್ಟರನ ಕೈ ಎಲ್ಲಿಗೆ ಹೋಗುತ್ತದೆ? ನನಗೇ ಗೊತ್ತಿಲ್ಲದೆ ವಿಸಲ್ ಬಾಯಿಗೆ ಬಂದು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಒಂದೇ ಒಂದು ಸಲ ಊದಿಬಿಟ್ಟೆ.

ಬೆಟ್ಟಗಳೆಲ್ಲ ಅದನ್ನು ತಿರುಗಿ ಊದಿದವು. ಇಪ್ಪತ್ತು ಜನ ನಿಂತಲ್ಲೇ ಕೂತರು. ಹೇಸರಗತ್ತೆಗಳು ಕಿವಿ ನಿಮಿರಿಸಿ ನಿಂತವು. ಮುಂದಿದ್ದ ಗೈಡು, ಯಾರೋ ಕಣಿವೆಗೆ ಬಿದ್ದರೆಂದು ಹಗ್ಗ ಹಿಡಿದು ಏದುಸಿರು ಬಿಡುತ್ತಾ ಓಡಿ ಬಂದ. "ಕ್ಯಾ ಹುವಾ? ಕ್ಯಾ ಹುವಾ?" ಎಂದ. ಮಗಳು ತಲೆ ಚಚ್ಚಿಕೊಂಡಳು. ನಾನು ವಿಸಲ್ ಬಾಯಲ್ಲೇ ಇಟ್ಟುಕೊಂಡು ಬೆಪ್ಪಾಗಿ ನಿಂತಿದ್ದೆ.

ಹೆಂಡತಿ ಬೆಟ್ಟದಿಂದ ಕಣ್ಣು ಕೀಳಲೇ ಇಲ್ಲ. ಹಿಂದಿ ಬಾರದ ಅವಳು ಗೈಡಿಗೆ ನಿಧಾನವಾಗಿ, ಸ್ಪಷ್ಟ ಕನ್ನಡದಲ್ಲಿ ಹೇಳಿದಳು:

"ಏನೂ ಆಗಿಲ್ಲಪ್ಪಾ. ನನ್ನ ಸ್ಟಾಪ್ ಬಂತು."