ಎಡ ಪೆಡಲಿನ ಬೋಲ್ಟ್ ಕುರಿತ ನಡಾವಳಿ

ಬಿದಿರುಮಕ್ಕಿ ಗ್ರಾಮ ಪಂಚಾಯಿತಿಯ ಏಕೈಕ ಸೈಕಲ್ಲಿನ ಎಡ ಪೆಡಲ್ ಬೋಲ್ಟ್ ಇದೇ ತಿಂಗಳ ಹನ್ನೊಂದರಂದು, ಕಚೇರಿ ವೇಳೆಯಲ್ಲಿ, ತಾನಾಗಿಯೇ ಗುಂಡಗಾಯಿತು ಎಂದು ಈ ಮೂಲಕ ದಾಖಲಿಸಲಾಗಿದೆ. ದಾಖಲಿಸಿದವನು ಕಾರ್ಯದರ್ಶಿಯಾದ ನಾನು, ಗಣಪಯ್ಯ. ಆ ಹೊತ್ತಿನಲ್ಲಿ ಸ್ಪ್ಯಾನರ್ ನನ್ನ ಕೈಯಲ್ಲಿತ್ತು ಎಂಬುದು ಬೇರೆ ವಿಷಯ.

ಸೈಕಲ್ಲು ಪಂಚಾಯಿತಿಯದು, ತುಳಿಯುವವನು ನೀರುಗಂಟಿ ಹಾಲೇಶ. ಬೆಳಗ್ಗೆ ಆರಕ್ಕೆ ಅವನು ಕಾಫಿ ತೋಟದ ನಡುವಿನ ಏರು ಹತ್ತಿ ಟ್ಯಾಂಕಿನ ವಾಲ್ವ್ ತಿರುಗಿಸಿದರೆ ಮೇಲಿನ ಕೂಲಿ ಲೈನಿನ ನಲವತ್ತು ಮನೆಗೆ ನೀರು. ಎಂಟಕ್ಕೆ ಎಸ್ಟೇಟಿನ ಮೇಸ್ತ್ರಿ ಹಾಜರಿ ಕೂಗುತ್ತಾನೆ. ಅಷ್ಟರೊಳಗೆ ನಲ್ಲಿ ಬಾರದಿದ್ದರೆ ಹೆಂಗಸರು ಹಳ್ಳಕ್ಕಿಳಿದು ಕೊಡ ಹೊತ್ತು ತರಬೇಕು. ಹೀಗಿರುವಾಗ ಎಡ ಪೆಡಲ್ ಮುರಿದು ಬರೀ ಕಡ್ಡಿ ಉಳಿಯಿತು. ಅದರ ಮೇಲೆ ಕಾಲು ಜಾರಿ ಹಾಲೇಶನ ಮೊಣಕಾಲಿನ ಕೆಳಗೆ ಎರಡು ಸಲ ಹೊಲಿಗೆಯೂ ಬಿತ್ತು.

ಹೊಸ ಪೆಡಲ್ ತರಿಸಿದೆ. ಹಳೆಯದನ್ನು ಬಿಚ್ಚುವುದಷ್ಟೇ ಬಾಕಿ. ಇಷ್ಟಕ್ಕೆಲ್ಲ ಸೈಕಲ್ ಶಾಪಿನ ಜಯದೇವಪ್ಪನವರನ್ನು ಕರೆಯುವುದೇ ಎಂದು ಕಚೇರಿಯ ಜಗಲಿಯ ಮೇಲೆ ನಾನೇ ಅಂಗಿ ತೋಳು ಮಡಚಿದೆ. ಬಿಗಿಯುವುದು ಬಲಕ್ಕೆ, ಬಿಚ್ಚುವುದು ಎಡಕ್ಕೆ. ಇದು ಲೋಕಕ್ಕೆಲ್ಲ ಗೊತ್ತಿರುವ ನಿಯಮ. ಎಡಕ್ಕೆ ತಿರುಗಿಸಿದೆ, ಜಪ್ಪಯ್ಯ ಅನ್ನಲಿಲ್ಲ. ನನಗೆ ಸಿಟ್ಟು ಬಂತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೆ. ನನ್ನ ತೂಕ ಎಂಬತ್ತಾರು ಕೆ.ಜಿ. ಬೋಲ್ಟಿನ ಮೂಲೆಗಳೆಲ್ಲ ಸವೆದು ಅದು ಗೋಲಿಯಂತಾಯಿತು, ಕಡ್ಡಿ ಕೂತಿದ್ದ ಕ್ರ್ಯಾಂಕೇ ಬಗ್ಗಿ ಸೈಕಲ್ಲಿನ ಮೈಗೆ ತಾಗಿ ನಿಂತಿತು, ನಾನು ಜಗಲಿಯಿಂದ ಕೆಳಗೆ ಬಿದ್ದೆ. ಅಲ್ಲಿಂದ ಮುಂದೆ ಆ ಸೈಕಲ್ಲನ್ನು ತಳ್ಳಬಹುದಿತ್ತು, ತುಳಿಯುವ ಹಾಗಿರಲಿಲ್ಲ.

ಕೊನೆಗೆ ಕರೆಸಿದ ಜಯದೇವಪ್ಪನವರು ಬಂದು, ಕೂತು, ಬೋಲ್ಟನ್ನು ಹೆಬ್ಬೆರಳಲ್ಲಿ ಸವರಿ, ಯಾವ ಕಡೆಗೆ ತಿರುಗಿಸಿದಿರಿ ಎಂದು ಕೇಳಿದರು. ಹೇಳಿದೆ.

"ಎಡ ಪೆಡಲಿಗೆ ಥ್ರೆಡ್ ಉಲ್ಟಾ ಇರ್ತದೆ ಮಾರಾಯ್ರೆ. ಬಿಚ್ಚಬೇಕಾದ್ರೆ ಬಲಕ್ಕೆ ತಿರುಗಿಸ್ಬೇಕು. ನೀವು ಇಷ್ಟು ಹೊತ್ತು ಬಿಗಿ ಮಾಡಿದ್ದು."

ಸೀಮೆಎಣ್ಣೆ ಬಿಟ್ಟು ನೆನೆಸಿ, ಅರದಲ್ಲಿ ಎರಡು ಪಕ್ಕ ಚಪ್ಪಟೆ ಮಾಡಿ, ಬಲಕ್ಕೆ ತಿರುಗಿಸಿ ಬಿಚ್ಚಿ, ಬಗ್ಗಿದ ಕ್ರ್ಯಾಂಕನ್ನು ಬಡಿದು ನೆಟ್ಟಗೆ ಮಾಡಿದರೆ ಅರ್ಧ ಗಂಟೆಯ ಕೆಲಸ ಎಂದರು. ಆದರೆ ಪಂಚಾಯಿತಿ ಸ್ವತ್ತಿಗೆ ಹೊರಗಿನವರು ಕೈ ಹಾಕಬೇಕಾದರೆ ನಮೂನೆ ಏಳು ಭರ್ತಿಯಾಗಬೇಕು: ಹಾನಿ ಹೇಗಾಯಿತು, ಮಾಡಿದವರು ಯಾರು, ಅವರ ಸಹಿ. ಹೋದ ವರ್ಷ ಏಣಿ ಮುರಿದ ಹಾಲೇಶನ ಸಹಿ ಪಡೆಯಲೆಂದು ಈ ನಮೂನೆಯನ್ನು ರಚಿಸಿದವನು ನಾನೇ. ಈಗ ಅದರಲ್ಲಿ ನನ್ನ ಹೆಸರು ಬರೆದರೆ ಮಾನ ಮೂರು ಕಾಸಿಗೆ ಹರಾಜು. ಪೆನ್ನಿನ ಮುಚ್ಚಳ ಹಾಕಿದೆ.

ಬದಲಿಗೆ ಸತ್ಯಶೋಧನಾ ಸಮಿತಿ ರಚಿಸಿದೆ. ಅಧ್ಯಕ್ಷ ನಾನು, ಸದಸ್ಯ ನಾನು. ಏಕೈಕ ಸಾಕ್ಷಿ ಹಾಲೇಶ, ತಾನು ಆ ಹೊತ್ತಿಗೆ ಹಲಸಿನ ಮರ ನೋಡುತ್ತಿದ್ದೆ ಎಂದು ಹೇಳಿಕೆ ಕೊಟ್ಟ. ಒಳ್ಳೆಯ ಮನುಷ್ಯ, ಪಾಪ. ಹಾನಿಗೆ ಕಾರಣ ಹವಾಮಾನ ಎಂದು ತೀರ್ಮಾನವಾಯಿತು. ಬಲಕ್ಕೆ ಬಿಚ್ಚುವುದು ಕ್ರಮವಲ್ಲವಾದ್ದರಿಂದ ಸದರಿ ಬೋಲ್ಟ್ ಎಡಕ್ಕೇ ಬಿಚ್ಚಿಕೊಳ್ಳತಕ್ಕದ್ದು, ಅಲ್ಲಿಯವರೆಗೆ ಯಾರೂ ಮುಟ್ಟತಕ್ಕದ್ದಲ್ಲ, ನೀರುಗಂಟಿಯು ಎಂದಿನಂತೆ ಸೈಕಲ್ ಸಮೇತವೇ ಕರ್ತವ್ಯಕ್ಕೆ ತೆರಳತಕ್ಕದ್ದು ಎಂದು ಠರಾವು ಮಾಡಿ ಸಭೆಯಲ್ಲಿಟ್ಟೆ. ಊಟದ ಹೊತ್ತಾಗಿತ್ತು, ಎಲ್ಲರೂ ಕೈ ಎತ್ತಿದರು.

ಆಮೇಲಿಂದ ನೀರು ಎಂಟೂವರೆಗೆ ಬರತೊಡಗಿತು, ಹೆಂಗಸರು ಹಳ್ಳಕ್ಕಿಳಿಯತೊಡಗಿದರು. ದೂರು ಬಂದದ್ದರಿಂದ ಒಂದು ಬೆಳಗ್ಗೆ ಖುದ್ದು ಪರಿಶೀಲನೆಗೆ ಜೀಪಿನಲ್ಲಿ ಹೋದೆ. ಏರಿನ ಅರ್ಧದಲ್ಲಿ ಹಾಲೇಶ ಕುಂಟುತ್ತಾ ಸೈಕಲ್ ತಳ್ಳುತ್ತಿದ್ದ. ಮೇಲಿನ ಲೈನಿನ ಮುತ್ತಮ್ಮ ಖಾಲಿ ಕೊಡ ಹಿಡಿದು ಎದುರಾದಳು.

"ಹಾಲೇಶಣ್ಣ, ಸೈಕಲ್ ಬಿಟ್ಟು ಬಂದ್ರೆ ಬೇಗ ಬರ್ಬಹುದಲ್ಲ?"

"ಬಿಟ್ಟು ಬಂದ್ರೆ, ಸೈಕಲ್ ಇದ್ದೂ ಯಾಕೆ ನಡ್ಕೊಂಡು ಹೋದೆ ಅಂತ ಕೇಳ್ತಾರೆ ಮಾರಾಯ್ತಿ."

ಮುತ್ತಮ್ಮ ಸ್ವಲ್ಪ ಯೋಚಿಸಿದಳು. ಅವಳಿಗೂ ಅದು ಸರಿ ಅನ್ನಿಸಿತು. ಕೊಡ ಹ್ಯಾಂಡಲಿಗೆ ನೇತುಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ತಳ್ಳತೊಡಗಿದಳು. ನಾಳೆಯಿಂದ ಇನ್ನಿಬ್ಬರನ್ನು ಕರೆತರುತ್ತೇನೆ, ನೀರು ಏಳಕ್ಕೇ ಬರುತ್ತದೆ ಅಂದಳು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಜೇಬಿನಲ್ಲಿ ಪೆನ್ನಿತ್ತು, ಚೀಲದಲ್ಲಿ ನಮೂನೆ ಏಳೂ ಇತ್ತು. ಕಚೇರಿಗೆ ಮರಳಿದವನೇ ಬಾಗಿಲು ಹಾಕಿಕೊಂಡು ಕೂತು, ಸೈಕಲ್ ತಳ್ಳುವ ಹೆಂಗಸರ ಪಾಳಿಪಟ್ಟಿ ಹೊರಡಿಸಿದೆ. ದಿನಕ್ಕೆ ಮೂವರು. ಬಾಣಂತಿಯರಿಗೆ ವಿನಾಯಿತಿ ಕೊಟ್ಟಿದ್ದೇನೆ. ಇದುವರೆಗೆ ಯಾರೂ ತಕರಾರು ಎತ್ತಿಲ್ಲ.